ಹಳ್ಳದಾಚೆಯ ಟೆಂಟು

ಬಿಸಿಲಿಗೆ ಕಾದ ಟೆಂಟಿನ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ಬೇಸಿಗೆ ರಜೆಯಲ್ಲಿ ನಾವು ಜರ್ಮನಿಯಲ್ಲಿ ವಾಸವಿದ್ದ ಮ್ಯಾನ್‌ಹೈಮ್‌ನಿಂದ ಕಾಡಿನ ನಡುವಿನ ಹೆಸರಾಂತ ಪಾರ್ಕೊಂದನ್ನು ನೋಡಲು ಹೋಗಿದ್ದೆವು. ಕ್ಯಾಂಪಿಂಗ್ ಜಾಗಗಳೆಲ್ಲ ಭರ್ತಿಯಾಗಿದ್ದವು. "ಸರ್ಕಾರಿ ಕಾಡು, ಒಂದು ರಾತ್ರಿ ತಾನೇ," ಎಂದು ಅಪ್ಪ ಹಳ್ಳದ ಪಕ್ಕ ಟೆಂಟ್ ಹಾಕಿದರು. ಆಚೆ ದಡದಲ್ಲಿ ಜರ್ಮನ್ ಕುಟುಂಬವೊಂದರ ಟೆಂಟೂ ಇತ್ತು.

ಅಮ್ಮ ಚಿತ್ರಾನ್ನದ ಡಬ್ಬಿ ತೆಗೆಯುವಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಬಂದ. ಆಚೆಯವರಿಗೆ ನಗುತ್ತ ಕೈಬೀಸಿದ. ನಮ್ಮ ಹತ್ತಿರ ಬಂದು, ಇಲ್ಲಿ ಟೆಂಟ್ ಹಾಕುವಂತಿಲ್ಲ, ಈಗಲೇ ಬಿಚ್ಚಿ ಎಂದ.

"ಅವರದ್ದು ಟೆಂಟ್ ಅಲ್ವಂತಾ? ಕೇಳೇ," ಎಂದರು ಅಮ್ಮ.

ನಾನು ಜರ್ಮನ್‌ನಲ್ಲಿ ಕೇಳಿದೆ. ಆಚೆಯವರು ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ ಎಂದ ಗಾರ್ಡ್.

ಅಮ್ಮ ಸೀರೆ ಎತ್ತಿ ಹಿಡಿದು ಹಳ್ಳ ದಾಟಿದರು. ಆ ಟೆಂಟಿನ ಪಕ್ಕದಲ್ಲೇ ಚಾಪೆ ಹಾಸಿ ಕೂತರು. "ನಾವೂ ವಿಶ್ರಾಂತಿ ತಗೋತಿದೀವಿ ಅಂತ ಹೇಳು ಅವನಿಗೆ!" ಎಂದು ಕೂಗಿದರು. ನಾನು ಅವರಿಗಿಂತ ಜೋರಾಗಿ ಹೇಳಿದೆ. ಗಾರ್ಡ್‌ನ ಮುಖ ಕೆಂಪಾಯಿತು.

ಅಪ್ಪ ತಲೆ ತಗ್ಗಿಸಿ ಗೂಟಗಳನ್ನು ಕಿತ್ತರು. ಟೆಂಟ್ ಸುತ್ತಿ, ಅವನಿಗೆ ಜರ್ಮನ್ ಭಾಷೆಯಲ್ಲೇ "ಡಾಂಕೆ" ಎಂದು ಧನ್ಯವಾದ ಹೇಳಿದರು. ಅಮ್ಮನೂ ಈಚೆ ಬಂದು, ಎಲ್ಲರೂ ಕಾರು ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಅಪ್ಪ ಅವರ ಕಡೆ ತಿರುಗಿ ಹಲ್ಲು ಕಚ್ಚಿದರು.

"ಅಷ್ಟು ಜೋರಾಗಿ ಕನ್ನಡ ಮಾತಾಡ್ಬೇಕಿತ್ತಾ ನೀನು?"