ಸೊಸೆ ಓದಿದಳು, ಅತ್ತೆ ಪುಸ್ತಕ ಹಿಡಿದಳು

ಗದಗಿನ ಒಂದು ಸಣ್ಣ ಓಣಿ. ಅಲ್ಲಿ ಸುಮಂಗಲಾ ಅಂತ ಒಬ್ಬ ಹೆಣ್ಣುಮಗಳು...

ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವಳ ಕೆಲಸ. ಬೆಳಗಿನಿಂದ ಮಧ್ಯಾಹ್ನದವರೆಗೆ ಎರಡೂ ಕೈ ಹಿಟ್ಟಿನಲ್ಲೇ.

ಮಗಳು ತನುಶ್ರೀಗೆ ಆಗ ಎರಡು ವರ್ಷ.

ಒಂದು ದಿನ ಅಂಗನವಾಡಿಯ ತಾಯಂದಿರ ಸಭೆಯಲ್ಲಿ ರಜಿಯಾ ಟೀಚರ್ ಹೇಳಿದರು...

"ಕೂಸಿಗೆ ಈಗ ಅ ಆ ಇ ಈ ತಿದ್ದಸಬ್ಯಾಡ್ರಿ. ದಿನಾ ಹತ್ತು ನಿಮಿಷ ಮಗ್ಗಲಕ ಕುಂದರಿಸಿಕೊಂಡು ಒಂದು ಕಥಿ ಓದ್ರಿ. ಅಷ್ಟ ಸಾಕು."

ಒಂದು ಚಿತ್ರದ ಪುಸ್ತಕವನ್ನೂ ಕೈಗಿಟ್ಟು ಕಳಿಸಿದರು.

ಮನೆಗೆ ಬಂದಾಗ ಅತ್ತೆ ನೀಲವ್ವ ಬಾಯ್ತುಂಬ ನಕ್ಕಳು. "ಇದಕ್ಕಿನ್ನೂ ಚಡ್ಡಿ ಹಾಕ್ಕೊಳ್ಳಾಕ ಬರೂದಿಲ್ಲ. ಪುಸ್ತಕ ಏನ್ ತಿಳಿತೈತಬೇ? ಹರದು ಒಗೀತೈತಿ ನೋಡು!"

ನೀಲವ್ವನಿಗೆ ಅರವತ್ತು ದಾಟಿತ್ತು. ಚಿಕ್ಕವಳಿದ್ದಾಗ ತಮ್ಮನನ್ನು ದಿನಾ ಶಾಲೆಯ ಬಾಗಿಲವರೆಗೆ ಬಿಟ್ಟು ಬರುತ್ತಿದ್ದಳು...

ನೀನೂ ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅಂದಿನಿಂದ ಎಲ್ಲಿ ಹೋದರೂ ಹೆಬ್ಬೆಟ್ಟೇ.

ಮರುದಿನ ತನುಶ್ರೀ ಪುಸ್ತಕ ಎಳೆದುಕೊಂಡು ಒಲೆಯ ಹತ್ತಿರ ಬಂದಳು. ಸುಮಂಗಲಾಳ ಕೈಯೆಲ್ಲ ಹಿಟ್ಟು. "ತಡಿಯವ್ವಾ, ಆಮ್ಯಾಲೆ..." ಎಂದಳು. ಕೂಸು ಕೇಳಬೇಕಲ್ಲ... ಓಣಿಗೆಲ್ಲ ಕೇಳುವಂತೆ ಅಳು!

ಅಳು ನಿಲ್ಲಲಿ ಎಂದು ನೀಲವ್ವ ಮೊಮ್ಮಗಳನ್ನು ತೊಡೆಗೇರಿಸಿಕೊಂಡು ಪುಸ್ತಕ ಬಿಚ್ಚಿ ಹಿಡಿದಳು.

ಹಿಡಿದದ್ದು ತಲೆಕೆಳಗಾಗಿ...

ಎರಡು ವರ್ಷದ ಕೂಸು ಅದನ್ನು ತಿರುಗಿಸಿ ಸರಿಮಾಡಿ ಕೊಟ್ಟಿತು. ನೀಲವ್ವನ ಮುಖ ಸಣ್ಣದಾಯಿತು.

ಸುಮಂಗಲಾ ನಗಲಿಲ್ಲ.

"ಅತ್ತಿ, ಇಲ್ಲೆ ನನ್ನ ಮಗ್ಗಲಕ ಕುಂದರ್ರಿ. ನನ್ನ ಕೈ ಖಾಲಿ ಇಲ್ಲ, ನೀವು ಪುಸ್ತಕ ಹಿಡೀರಿ... ನಾ ಓದ್ತೀನಿ. ಓದಿದಂಗ ಕೆಳಗ ಬೆರಳ ಸರಸಿಕೋತ ಹೋಗ್ರಿ. ಕೂಸಿಗೆ ಗೊತ್ತಾಗಲಿ."

ಅವತ್ತು ಶುರುವಾಯಿತು.

ಸೊಸೆ ರೊಟ್ಟಿ ಬಡಿಯುತ್ತಾ ಓದುವುದು... ಅತ್ತೆ ಬೆರಳು ಸರಿಸುವುದು... ಕೂಸು ಕಣ್ಣರಳಿಸಿ ಕೇಳುವುದು. ಒಂದೇ ಕಥೆ ಹತ್ತು ಸಲ, ಇಪ್ಪತ್ತು ಸಲ. "ಇನ್ನೊಮ್ಮೆ!" ಅಂದರೆ ಇನ್ನೊಮ್ಮೆ.

ಓಣಿಯವರು ತಮಾಷೆ ಮಾಡಿದರು. "ನೀಲವ್ವ ಈಗ ಸಾಲಿ ಸೇರ್ಯಾಳ!"

ಎರಡು ವರ್ಷ ಹೀಗೇ ಕಳೆಯಿತು, ಅಂಗನವಾಡಿಯಿಂದ ಹೊಸ ಹೊಸ ಪುಸ್ತಕ ಬರುತ್ತಲೇ ಇದ್ದವು. ಮೂರು ವರ್ಷಕ್ಕೇ ಬಾಯಿಪಾಠವಾಗಿ ಕಥೆ ಹೇಳುತ್ತಿದ್ದ ತನುಶ್ರೀ, ನಾಲ್ಕು ವರ್ಷಕ್ಕೆ ಪುಸ್ತಕದಲ್ಲಿ ತನ್ನ ಹೆಸರಿನ 'ತ' ಎಲ್ಲಿದ್ದರೂ ಹುಡುಕಿ ಚಪ್ಪಾಳೆ ತಟ್ಟುತ್ತಿದ್ದಳು.

ಆ ವರ್ಷ ಅಂಗನವಾಡಿಯಲ್ಲಿ ಕಥೆ ಓದುವ ದಿನ ಇಟ್ಟರು. ಪ್ರತಿ ಮಗುವಿನ ಮನೆಯಿಂದ ಒಬ್ಬರು ಬಂದು ಎಲ್ಲ ಮಕ್ಕಳಿಗೂ ಒಂದು ಕಥೆ ಓದಬೇಕು.

ಆದರೆ ಅದೇ ದಿನ ಬೆಳಗ್ಗೆ ಸುಮಂಗಲಾಳ ಗಂಟಲು ಕಟ್ಟಿತು. ಮಾತೇ ಹೊರಡದು!

"ನಿನಗ ಬರಾಕ ಆಗೂದಿಲ್ಲಂತ ಹೇಳಿ ಬರ್ತೀನಿ" ಎಂದು ನೀಲವ್ವ ಮೊಮ್ಮಗಳ ಕೈ ಹಿಡಿದು ಹೊರಟಳು.

ಅಲ್ಲಿ ತನುಶ್ರೀಯ ಹೆಸರು ಕರೆದರು. ನೀಲವ್ವ ಬಾಯಿ ತೆರೆಯುವ ಮೊದಲೇ ಮಗು ಕೂಗಿತು...

"ನಮ್ಮ ಅಜ್ಜಿ ಓದ್ತಾಳ!"

ತಂದೆ ತಾಯಂದಿರೆಲ್ಲ ತಿರುಗಿ ನೋಡಿದರು. ಇನ್‌ಶರ್ಟ್ ಮಾಡಿದ್ದ, ಅದೇ ಓಣಿಯ ಒಬ್ಬ ತಂದೆ ಎದ್ದು ನಿಂತರು. "ಆಯಿ, ನಿಮಗ ಓದಾಕ ಬರೂದಿಲ್ಲಲ್ರಿ... ಕೊಡ್ರಿಲ್ಲೆ, ನಾ ಓದ್ತೀನಿ."

ಮೇಜಿನ ಮೇಲಿದ್ದದ್ದು ಹೊಚ್ಚ ಹೊಸ ಪುಸ್ತಕ. ನೀಲವ್ವ ಒಮ್ಮೆಯೂ ನೋಡಿರದ ಕಥೆ. ನೆನಪಿನಿಂದ ಹೇಳುವಂತೆಯೂ ಇಲ್ಲ.

ನೀಲವ್ವ ಮೊಮ್ಮಗಳ ಮುಖ ನೋಡಿದಳು. ಆ ಮುಖದಲ್ಲಿ ಅನುಮಾನ ಅನ್ನುವುದೇ ಇರಲಿಲ್ಲ...

ಅವಳು ನೆಲದ ಮೇಲೆ ಕುಳಿತಳು. ಪುಸ್ತಕ ಬಿಚ್ಚಿದಳು. ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು.

"ಕ... ಕಪ್ಪೆ... ಸಂ... ಸಂತೆಗೆ... ಹೋಯಿತು."

ಮಕ್ಕಳು ಹತ್ತಿರ ಸರಿದು ಕುಳಿತವು.

"ಹೊಸ..." ಅಲ್ಲಿಗೆ ನಿಂತಳು. ಮುಂದಿನ ಅಕ್ಷರ ಅಪರೂಪದ್ದು, ಅದರ ಮಗ್ಗುಲಲ್ಲಿ ಒತ್ತಕ್ಷರ ಬೇರೆ. ಹಣೆಯಲ್ಲಿ ಬೆವರು. ಯಾರೋ ಕೆಮ್ಮಿದರು. ರಜಿಯಾ ಟೀಚರ್ ಹೇಳಿಕೊಡಲು ಬಾಯಿ ತೆರೆದವರು ತಡೆದುಕೊಂಡರು.

"ಛ... ಛತ್... ಛತ್ರಿ! ಹೊಸ ಛತ್ರಿ ತಂದಿತು!"

ಮಕ್ಕಳು ಹೋ ಎಂದು ಕೂಗಿದವು!

ಹನ್ನೆರಡು ಪುಟ. ಇಪ್ಪತ್ತು ನಿಮಿಷ. ಒಂದು ಮಗುವೂ ಎದ್ದು ಹೋಗಲಿಲ್ಲ. ಕೊನೆಯ ಪುಟ ಮುಗಿದಾಗ ಮೊದಲು ಎದ್ದು ಚಪ್ಪಾಳೆ ತಟ್ಟಿದ್ದು ಆ ಇನ್‌ಶರ್ಟಿನ ತಂದೆಯೇ.

"ಯಾವಾಗ ಕಲತ್ರಿ ನೀಲವ್ವಾ?" ರಜಿಯಾ ಟೀಚರ್ ಕಣ್ಣೊರೆಸಿಕೊಳ್ಳುತ್ತಾ ಕೇಳಿದರು.

"ನನಗೂ ಗೊತ್ತಿಲ್ರಿ ಅಕ್ಕಾರ... ನನ್ನ ಸೊಸಿ ಕೂಸಿಗೆ ಓದತಿದ್ಲು. ನಾ ಬೆರಳ ಸರಸತಿದ್ನಿ. ಅಷ್ಟ."

ಆ ಸಂಜೆ ಅಂಗನವಾಡಿಯ ಪುಸ್ತಕದ ಕಪಾಟು ಮೊದಲ ಸಲ ಖಾಲಿಯಾಯಿತು. ಬಂದವರೆಲ್ಲ ಒಂದೊಂದು ಪುಸ್ತಕ ಮನೆಗೆ ಒಯ್ದಿದ್ದರು.

ಮನೆಗೆ ಮರಳುವಾಗ ಹತ್ತು ನಿಮಿಷದ ದಾರಿಗೆ ಅಜ್ಜಿ ಮೊಮ್ಮಗಳಿಗೆ ಒಂದು ಗಂಟೆ ಹಿಡಿಯಿತು. ಗಿರಣಿಯ ಬೋರ್ಡು, ಕ್ಷೌರದಂಗಡಿಯ ಬೋರ್ಡು, 'ಇಲ್ಲಿ ಕಸ ಹಾಕಬಾರದು'... ಒಂದನ್ನೂ ಬಿಡದೆ ಇಬ್ಬರೂ ಗಟ್ಟಿಯಾಗಿ ಓದಿದರು!

ತಡವಾಯಿತೆಂದು ಗಾಬರಿಯಲ್ಲಿ ಬಾಗಿಲಲ್ಲೇ ನಿಂತಿದ್ದಳು ಸುಮಂಗಲಾ. "ಅವ್ವಾ, ಅಜ್ಜಿ ಪೂರಾ ಓದಿದ್ಲು!" ಎಂದು ತನುಶ್ರೀ ಓಡಿ ಬಂದಳು.

ಸುಮಂಗಲಾಳಿಗೆ ಇನ್ನೂ ದನಿಯಿರಲಿಲ್ಲ... ಕಣ್ಣೀರು ಮಾತ್ರ ಧಾರಾಳವಾಗಿ ಬಂತು. ನೀಲವ್ವ ಸೊಸೆಯ ಗಲ್ಲ ಎರಡೂ ಕೈಯಲ್ಲಿ ಹಿಡಿದಳು.

"ಅಳಬ್ಯಾಡ ಹುಚ್ಚಿ... ನಾಳಿಂದ ಕೂಸಿಗೆ ನಾ ಓದ್ತೀನಿ. ನೀ ಆರಾಮ ಕೇಳ್ಕೋತ ರೊಟ್ಟಿ ಬಡಿ."

*ಮಗುವಿಗಾಗಿ ತೆರೆದ ಪುಸ್ತಕ ಇಡೀ ಮನೆಗೇ ಓದು ಕಲಿಸುತ್ತದೆ.*

ನಿಮ್ಮ ಮನೆಯ ಪುಟ್ಟ ಮಗು ಇವತ್ತು ಯಾರ ತೊಡೆಯ ಮೇಲೆ ಕುಳಿತು ಕಥೆ ಕೇಳಿತು?