ಕೊನೇ ತಟ್ಟೆ

ಹೊಸ ಸಹಾಯಕಿ ಚಿಕ್ಕಂದಿನಲ್ಲಿ ಅಜ್ಜನ ಪೆಟ್ಟಿಗೆ ತೆರೆದಾಗ ಬರುತ್ತಿದ್ದ ಹಳೇ ಕಾಗದದ ವಾಸನೆಯೇ ಈ ನಿಘಂಟು ಕಚೇರಿಯಲ್ಲೂ ಇತ್ತು. ಸಂಪಾದಕರು ಅವಳ ಚೀಟಿಯನ್ನು ಮೂರನೇ ಸಲ ಹಿಂದಕ್ಕೆ ತಳ್ಳಿದರು. ‘ಕೊನೆಯ’ ಎಂಬ ಪದದ ಮುಂದೆ ಅವಳು ಕಡೆಯ, ಅಂತಿಮ, ಕಟ್ಟಕಡೆಯ ಎಂದು ದುಂಡಗೆ ಬರೆದಿದ್ದಳು.

“ಅರ್ಥ ಸರಿಯಿದೆ ತಾಯಿ, ಉದಾಹರಣೆ ಸಪ್ಪೆ. ‘ಇದು ಕೊನೆಯ ಪುಟ’ ಅಂತೆ! ಜನ ಆಡೋ ಮಾತು ಬೇಕು. ಸಂಜೆಯೊಳಗೆ ತರದಿದ್ರೆ ಈ ಕೆಲಸಕ್ಕೆ ಬೇರೆಯವರನ್ನ ನೋಡ್ತೀನಿ.”

ತಲೆ ಕೆರೆದುಕೊಳ್ಳುತ್ತ ಕೂತವಳು ಊಟಕ್ಕೆಂದು ಕ್ಯಾಂಟೀನಿಗೆ ಹೋಗುವಷ್ಟರಲ್ಲಿ ಅಡುಗೆಯಾಕೆ ತೊಳೆದ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದಳು.

“ಎಲ್ಲಾ ಮುಗೀತಾ ಅಕ್ಕಾ?”

“ಮುಗಿಯೋಕೆ ಬಿಡ್ತೀನಾ? ಕೊನೇ ತಟ್ಟೇನ ನಾನು ಮೊದಲೇ ಬಡಿಸಿಡ್ತೀನಿ. ಆಮೇಲೆ ಮಿಕ್ಕವರಿಗೆ.”

ಸಹಾಯಕಿ ಚೀಟಿ ತೆಗೆದು, ಪುಟದ ಸಾಲನ್ನು ಹೊಡೆದುಹಾಕಿ, ಕೇಳಿದ ಮಾತನ್ನು ಕೇಳಿದಂತೆಯೇ ಬರೆದಳು.

“ಏನಮ್ಮಾ, ನನ್ನ ಮೇಲೆ ದೂರಾ?”

“ಇಲ್ಲಕ್ಕಾ, ನನ್ನ ಕೆಲಸ ಉಳಿಸಿಕೊಳ್ತಿದ್ದೀನಿ.”

ಅಡುಗೆಯಾಕೆಗೆ ಅದು ಅರ್ಥವಾಗಲಿಲ್ಲ. ಒಲೆಯ ಪಕ್ಕ ಮುಚ್ಚಿಟ್ಟಿದ್ದ ತಟ್ಟೆಯನ್ನು ತಂದು, ಸೆರಗಿನಿಂದ ಅದರ ಅಂಚು ಒರೆಸಿ, ಅವಳ ಕೈಗಿಟ್ಟಳು.