ಹದಿನೇಳನೆಯ ವಾಯಿದೆ

ಪ್ರತಿವಾದಿ ಸೀತುವಿಗೆ ಜ್ವರ, ಇನ್ನೊಂದು ವಾಯಿದೆ ಕೊಡಬೇಕು ಎಂಬ ಅರ್ಜಿಯನ್ನು ಕಿರಿಯ ವಕೀಲೆ ನಿಶ್ಮಿತಾ ಕೊಟ್ಟಾಗ ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಕಾಲುದಾರಿ ಕೇಸಿಗೆ ಒಂಬತ್ತು ವರ್ಷ! ಇದು ಹದಿನೇಳನೆಯ ವಾಯಿದೆ. ಸೀತು ಐದು ಸಾವಿರ ದಂಡ ಕಟ್ಟಲಿ."

ತಲೆಬಾಗಿ ಕುಳಿತುಬಿಟ್ಟಿದ್ದರೆ ಮುಗಿಯುತ್ತಿತ್ತು. ಅರ್ಜಿ ಬರೆಸಿಕೊಟ್ಟು, ದೊಡ್ಡ ಕೇಸಿಗೆಂದು ಉಡುಪಿಗೆ ಹೋಗಿದ್ದ ಸೀನಿಯರ್ ಹರಿಣಾಕ್ಷಿ ಮೇಡಂ ಕಲಿಸಿದ್ದೂ ಅದನ್ನೇ: "ಡೇಟು ನಮ್ಮದು, ದಂಡ ಪಕ್ಷಗಾರರದ್ದು." ನಿಶ್ಮಿತಾ ಹಿಂದಿರುಗಿ ನೋಡಿದಳು. ಕೊನೆಯ ಬೆಂಚಿನಲ್ಲಿ ಗಂಗೊಳ್ಳಿಯ ಸೀತಜ್ಜಿ, ತನ್ನ ಹೆಸರು ಕೇಳಿ, ಎಂತ ಏನು ಎಂದು ತಿಳಿಯದೆ ಅರ್ಧ ಎದ್ದು ನಿಂತಿದ್ದಳು.

ನಿಶ್ಮಿತಾ ಕೂರಲಿಲ್ಲ.

"ಸರ್, ಅವರಿಗೆ ಜ್ವರ ಇಲ್ಲ. ಅಲ್ಲೇ ಇದ್ದಾರೆ. ಹದಿನೇಳು ಸಲವೂ ಬಂದಿದ್ದಾರೆ. ತಯಾರಿ ಇಲ್ಲದೆ ಬಂದವರು ನಾವು. ಅರ್ಜಿ ಸುಳ್ಳು ಅಂತ ಗೊತ್ತಿದ್ದೇ ಕೊಟ್ಟೆ. ದಂಡ ನಮಗೆ ಹಾಕಿ."

ಟೈಪಿಸ್ಟರ ಬೆರಳು ನಿಂತಿತು. ನ್ಯಾಯಾಧೀಶರು ಅವಳನ್ನೇ ನೋಡುತ್ತ ನಿಧಾನವಾಗಿ ಹೇಳಿ ಬರೆಸಿದರು: "ದಂಡವನ್ನು ವಕೀಲರೇ ಕಟ್ಟತಕ್ಕದ್ದು. ಪಕ್ಷಗಾರರಿಂದ ವಸೂಲು ಮಾಡಕೂಡದು." ಆಮೇಲೆ, "ಬನ್ನಿ ಅಮ್ಮ. ದಾರಿ ಯಾಕೆ ಬಿಡುವುದಿಲ್ಲ, ನೀವೇ ಹೇಳಿ" ಎಂದರು.

ಸೀತು ಕಟಕಟೆ ಹಿಡಿದು ನಿಂತಳು. "ನಡ್ಕಂಡ್ ಹೋಪುಕ್ ನಾನ್ ಯಾವತ್ತೂ ಬ್ಯಾಡ ಹೇಳ್ಲಿಲ್ಲ ಸ್ವಾಮಿ. ಮೀನ್ ಒಣ್ಸು ಜಾಗದ್ ಮೇಲೆ ರಿಕ್ಷಾ ತಕಂಡ್ ಹೋಪುದ್ ಬ್ಯಾಡ ಅಂದದ್ದ್, ಅಷ್ಟೇ."

ಕೇಸು ಹಾಕಿದ್ದ ನೆರೆಮನೆಯ ದೇವು ತನ್ನ ವಕೀಲರ ಮುಖವನ್ನೂ ನೋಡದೆ ಎದ್ದ. "ನಂಗೆ ನಡುಕ್ ದಾರಿ ಸಿಕ್ರೆ ಸಾಕ್ ಸ್ವಾಮಿ. ರಿಕ್ಷಾ ರಸ್ತೆಯಗೇ ನಿಲ್ಸ್ತೆ."

ಮಧ್ಯಾಹ್ನದೊಳಗೆ ರಾಜಿಪತ್ರಕ್ಕೆ ಸೀತುವಿನ ಹೆಬ್ಬೆಟ್ಟು, ದೇವುವಿನ ಸಹಿ ಬಿದ್ದವು.

ಕೋರ್ಟಿನ ಮೆಟ್ಟಿಲಿಳಿಯುವಾಗ ಉಡುಪಿಯಿಂದ ಫೋನು ಬಂತು. "ಮೂವತ್ತು ವರ್ಷದ ನನ್ನ ಮರ್ಯಾದೆ ಕಳೆದೆ. ನಾಳೆಯಿಂದ ನೀನು ಬರುವುದು ಬೇಡ."

"ಆಯ್ತು ಮೇಡಂ. ದಂಡದಲ್ಲಿ ಅರ್ಧ ನನ್ನದು. ತಂದುಕೊಡುತ್ತೇನೆ."

ಫೋನು ಇಡುವುದನ್ನೇ ಕಾದಿದ್ದ ಸೀತು ಹತ್ತಿರ ಬಂದಳು. "ಮುಂದಿನ್ ಡೇಟ್ ಯಾವತ್ತ್ ಮಗಾ?"

"ಇನ್ನ್ ಡೇಟ್ ಇಲ್ಲ ಅಜ್ಜಿ. ಮುಗೀತ್."

ಮುದುಕಿಗೆ ನಂಬಿಕೆ ಬರಲಿಲ್ಲ. "ಹಂಗಾರೆ ನಾನ್ ಇನ್ನ್ ಇಲ್ಲಿಗ್ ಬಪ್ಪುದೇ ಬ್ಯಾಡ್ದಾ?"

ನಿಶ್ಮಿತಾ ಕರಿಕೋಟು ಕಳಚಿ, ಮಡಚಿ, ತೋಳಿನ ಮೇಲೆ ಹಾಕಿಕೊಂಡಳು. ಬೆಳಿಗ್ಗೆಯಿಂದ ಮೊದಲ ಸಲ ಅವಳಿಗೆ ನಗು ಬಂತು.

"ಬ್ಯಾಡ ಅಜ್ಜಿ. ನಿಮ್ಗೂ ಬ್ಯಾಡ, ನಂಗೂ ಬ್ಯಾಡ."